ಮೂರು ಸ್ಥಿತಿ, ಮೂರು ಸಂಕೇತ, ಆದ್ರೂ ಗೆಲುವು 66 ಪರ್ಸೆಂಟಿಗೆ ನಿಂತದ: ಏಜೆಂಟ್‌ಗಳ ನಡುವೆ ಭಾಷೆ ಹುಟ್ಟಿಸೋ ಸಿಮ್ಯುಲೇಷನ್ ಕುರಿತು ಚರ್ಚೆ

ಸಿಂಧನೂರು_ಪೈಥಾನ್

ಎಲ್ಲರಿಗೂ ನಮಸ್ಕಾರ್ರಿ. ಕೊನೆ ವರ್ಷದ ಪ್ರಾಜೆಕ್ಟಿಗೆ ಸಂಕೇತದ ಆಟ ಬರದೀವಿ. ಇಬ್ಬರೇ ಏಜೆಂಟರು, ಅಂದ್ರ ಪ್ರೋಗ್ರಾಮಿನೊಳಗಿನ ಆಟಗಾರರು: ಎಡದಂಡೆ ನಾಲೆ ಮೇಲ್ಭಾಗದ ಗ್ಯಾಂಗ್‌ಮನ್ ಒಬ್ಬ, ಕೊನೆಭಾಗದ ರೈತ ಒಬ್ಬ. ನಾಲೆ ಹೆಂಗದ ಅಂತ ಗ್ಯಾಂಗ್‌ಮನ್‌ಗೆ ಕಾಣ್ತದ, ರೈತನಿಗೆ ಕಾಣಲ್ಲ. ಸ್ಥಿತಿ ಮೂರು: ತುಂಬಿ ಹರೀಲಾಕತ್ತದ, ಅರ್ಧ ಗೇಜ್ ಅದ, ನೀರು ಬಂದ್. ರೈತನ ಕೆಲಸನೂ ಮೂರು: ತೂಬು ತೆಗೆಯೋದು, ಸರದಿ ಕಾಯೋದು, ಬೋರಿನ ಮೋಟಾರ್ ಹಚ್ಚೋದು. ನಡುವ 0, 1, 2 ಅಂತ ಮೂರು ಸಂಕೇತ. ಯಾವುದಕ್ಕೂ ಮೊದಲೇ ಅರ್ಥ ಕೊಟ್ಟಿಲ್ಲ.

ಕಲಿಕೆ ಡಬ್ಬಿ-ಗೋಲಿ ಪದ್ಧತಿ. ಗ್ಯಾಂಗ್‌ಮನ್ ಹತ್ರ ಒಂದೊಂದು ಸ್ಥಿತಿಗೆ ಒಂದೊಂದು ಡಬ್ಬಿ, ಒಳಗ ಮೂರೂ ಸಂಕೇತದ ಒಂದೊಂದು ಗೋಲಿ. ರೈತನ ಹತ್ರ ಒಂದೊಂದು ಸಂಕೇತಕ್ಕ ಒಂದೊಂದು ಡಬ್ಬಿ, ಒಳಗ ಮೂರೂ ಕೆಲಸದ ಒಂದೊಂದು ಗೋಲಿ. ಸ್ಥಿತಿಗೆ ತಕ್ಕ ಕೆಲಸ ಆದ್ರ ಇಬ್ಬರೂ ತಾವು ತೆಗೆದ ಗೋಲಿ ಜೊತಿಗೆ ಅಂಥದ್ದೇ ಇನ್ನೊಂದು ಹಾಕ್ತಾರ. ಸೋತ್ರ ಏನೂ ಇಲ್ಲ. 1 ಲಕ್ಷ ಸುತ್ತು ಓಡಿಸಿದ್ರ ಬಹಳಷ್ಟು ಸೀಡ್‌ಗಳು (ಬೇರೆಬೇರೆ ಯಾದೃಚ್ಛಿಕ ಆರಂಭದ ಓಟಗಳು) 99% ದಾಟ್ತಾವ. ಕೆಲವು ಮಾತ್ರ 66ರ ಆಸುಪಾಸು ನಿಂತುಬಿಡ್ತಾವ, 5 ಲಕ್ಷಕ್ಕ ಒಯ್ದ್ರೂ ಅಲ್ಲಾಡಲ್ಲ. ಕೋಡ್‌ನಾಗ ಬಗ್ ಅದೇನ್ರಿ?

ರಾಯಚೂರು_ಅಂಕಿಸಂಖ್ಯೆ

ಬಗ್ ಅಲ್ಲಪ್ಪ. ಮೂರರಲ್ಲಿ ಎರಡು ಅನ್ನೋ ಆ ಸಂಖ್ಯೆನೇ ಏನಾಗ್ಯಾದ ಅಂತ ಹೇಳ್ತದ. ಗೆಲುವಿನ ಗ್ರಾಫ್ ಸ್ವಲ್ಪ ಪಕ್ಕಕ್ಕಿಡು. ನಿಂತುಹೋದ ಒಂದು ಸೀಡ್ ತಗೊಂಡು ಡಬ್ಬಿಯೊಳಗಿನ ಗೋಲಿ ಎಣಿಕೆ ಪ್ರಿಂಟ್ ಮಾಡಿ ಇಲ್ಲಿ ಹಾಕು.

ಸಿಂಧನೂರು_ಪೈಥಾನ್

ಹಾಕೀನಿ ಮೇಡಂ, 1 ಲಕ್ಷ ಸುತ್ತಿನ ನಂತರದ್ದು.

ತುಂಬಿ: 0ಕ್ಕೆ 20,214, 1ಕ್ಕೆ 3, 2ಕ್ಕೆ 2
ಅರ್ಧ: 0ಕ್ಕೆ 13,067, 1ಕ್ಕೆ 2, 2ಕ್ಕೆ 4
ಬಂದ್: 0ಕ್ಕೆ 2, 1ಕ್ಕೆ 21,480, 2ಕ್ಕೆ 11,806

ರೈತನ ಕೋಷ್ಟಕದಾಗೂ ಇವೇ ಅಂಕಿ ಬಂದಾವ, ಅಡ್ಡಸಾಲು ಉದ್ದಸಾಲು ಅದಲುಬದಲು ಅಷ್ಟೇ. ಅದು ಸರಿ ಅದೇನು?

ರಾಯಚೂರು_ಅಂಕಿಸಂಖ್ಯೆ

ಹಂಗೇ ಇರಬೇಕು. ಇಬ್ಬರೂ ಒಂದೊಂದೇ ಗೋಲಿಯಿಂದ ಶುರು ಮಾಡಿ, ಗೆದ್ದಾಗ ಇಬ್ಬರೂ ಒಂದೊಂದೇ ಸೇರಿಸ್ತಾರ ಅಂದಮೇಲೆ ಎರಡು ಕೋಷ್ಟಕ ಒಂದನ್ನೊಂದು ತಿರುವಿ ಹಾಕಿದಂಗ ಬರಲೇಬೇಕು. ಬರಲಿಲ್ಲ ಅಂದ್ರ ಅವಾಗ ಬಗ್ ಹುಡುಕು. ಇನ್ನೊಂದು ತಾಳೆ: ಎಲ್ಲ ಅಂಕಿ ಕೂಡಿದ್ರ 66,580. ಶುರುವಿನ 9 ಗೋಲಿ ಕಳದ್ರ 66,571. ಅದೇ ನಿನ್ನ ಒಟ್ಟು ಗೆಲುವು. ಕೋಡ್ ಸರಿ ಅದ.

ಈಗ ಕೋಷ್ಟಕ ಓದು. 'ತುಂಬಿ' ಮತ್ತು 'ಅರ್ಧ' ಎರಡೂ 0 ಅನ್ನೋ ಒಂದೇ ಸಂಕೇತಕ್ಕೆ ಬಿದ್ದಾವ. 'ಬಂದ್' ಒಂದಕ್ಕೇ 1 ಮತ್ತು 2 ಎರಡೂ ಮೀಸಲಾಗ್ಯಾವ. 0 ಕೇಳಿದ ರೈತ ತೂಬು ತೆಗೀಬೇಕೋ ಸರದಿ ಕಾಯಬೇಕೋ ಗೊತ್ತಾಗದೆ ಒಮ್ಮೆ ಅದು, ಒಮ್ಮೆ ಇದು ಮಾಡ್ತಾನ. 'ಬಂದ್' ಯಾವಾಗ್ಲೂ ಗೆಲ್ತದ, ಉಳಿದೆರಡು ಸೇರಿ ಒಂದರಷ್ಟು ಗೆಲ್ತಾವ. ಮೂರರಲ್ಲಿ ಎರಡು.

ಹೊರಗೆ ಬರಲಿಕ್ಕೆ ಯಾಕೆ ಆಗಲ್ಲ ಅನ್ನೋದೇ ಇದರ ತಿರುಳು. 'ಅರ್ಧ' ಸ್ಥಿತಿಯಲ್ಲಿ ಗ್ಯಾಂಗ್‌ಮನ್ ಅಪರೂಪಕ್ಕೊಮ್ಮೆ 2 ಕಳಿಸಿದ ಅಂತಿಟ್ಟುಕೋ. ರೈತನ 2ನೇ ಡಬ್ಬಿಯಲ್ಲಿ 11,806 ಗೋಲಿ 'ಮೋಟಾರ್ ಹಚ್ಚು' ಅಂತಾವ, 4 ಮಾತ್ರ 'ಸರದಿ ಕಾಯಿ' ಅಂತಾವ. ಸೋಲು ಖಚಿತ. ಸೋತಾಗ ಏನೂ ಬದಲಾಗಲ್ಲ ಅಂತ ನೀನೇ ನಿಯಮ ಇಟ್ಟೀಯ. ಹಂಗಾಗಿ ಒಬ್ಬನೇ ಬದಲಾದ್ರ ಲಾಭ ಇಲ್ಲ, ಇಬ್ಬರೂ ಒಟ್ಟಿಗೆ ಬದಲಾಗೋ ಸಂದರ್ಭ ಸುತ್ತು ಹೆಚ್ಚಿದಷ್ಟೂ ಕಮ್ಮಿಯಾಗ್ತದ. 5 ಲಕ್ಷಕ್ಕ ಒಯ್ದ್ರ ಡಬ್ಬಿ ಇನ್ನಷ್ಟು ಭಾರ ಆಗ್ತದ, ಅಷ್ಟೇ.

ಈ ಆಟವನ್ನು 1969ರಲ್ಲಿ ಡೇವಿಡ್ ಲೂಯಿಸ್ ಅನ್ನೋ ತತ್ವಶಾಸ್ತ್ರಜ್ಞ ರೂಪಿಸಿದ. ಕಲಿಕೆಯ ಲೆಕ್ಕ ಬಂದಿದ್ದು ಬಹಳ ನಂತರ. ಎರಡು ಸ್ಥಿತಿ, ಎರಡು ಸಂಕೇತ, ಎರಡು ಕೆಲಸ, ಎರಡೂ ಸ್ಥಿತಿ ಸಮ ಸಂಭವ ಇದ್ದಾಗ ಈ ಗೋಲಿ ಪದ್ಧತಿ ಕೊನೆಗೆ ಪೂರ್ತಿ ಸಂಕೇತ ವ್ಯವಸ್ಥೆಗೇ ಮುಟ್ಟುತ್ತದೆ ಅಂತ 2009ರಲ್ಲಿ ಸ್ಕಿರ್ಮ್ಸ್ ಮತ್ತು ಜೊತೆಗಾರರು ಗಣಿತದಿಂದ ಸಾಧಿಸಿದರು. ಮೂರಕ್ಕೆ ಹೋದ ಕೂಡಲೇ ಆ ಭರವಸೆ ಇಲ್ಲ: ಸರಿಸುಮಾರು ಹತ್ತರಲ್ಲಿ ಒಂದು ಓಟ ನಿನ್ನಂಗೇ ಸಿಕ್ಕಿಬೀಳ್ತದ. ಎಂಟು ಸ್ಥಿತಿಗೆ ಹೋದ್ರ ಅರ್ಧಕ್ಕಿಂತ ಹೆಚ್ಚು ಓಟ ಸಿಕ್ಕಿಬೀಳ್ತಾವ.

ಇದಕ್ಕೇ ಹೇಳೋದು, ಸೀಡ್‌ಗಳ ಸರಾಸರಿ ಬರೀಬ್ಯಾಡ. 90 ಸೀಡ್ 100% ಗೆದ್ದು 10 ಸೀಡ್ 66.7ಕ್ಕೆ ನಿಂತ್ರ ಸರಾಸರಿ 96.7 ಬರ್ತದ. ಅದನ್ನು ನೋಡಿದವರು 'ಸ್ವಲ್ಪ ಗದ್ದಲ ಇರೋ ಒಳ್ಳೇ ಭಾಷೆ' ಅಂದುಕೋತಾರ. ನಿಜವಾಗಿ ಅಲ್ಲಿ ಅಂಥ ಭಾಷೆ ಒಂದೂ ಇಲ್ಲ. ಕನಿಷ್ಠ 100 ಸೀಡ್ ಓಡಿಸಿ ಹಂಚಿಕೆಯ ಚಿತ್ರ ಬಿಡಿಸು, ಎರಡು ಗುಡ್ಡ ಬೇರೆಬೇರೆ ಕಾಣ್ತಾವ. ಜೊತೆಗೆ ಪರಸ್ಪರ ಮಾಹಿತಿ, ಅಂದ್ರ ಸಂಕೇತ ನೋಡಿ ಸ್ಥಿತಿ ಬಗ್ಗೆ ಎಷ್ಟು ಗೊತ್ತಾಗ್ತದ ಅನ್ನೋದನ್ನ ಲೆಕ್ಕ ಹಾಕು: ಮೂರು ಸಮ ಸ್ಥಿತಿಗೆ ಪೂರ್ತಿ ಅಂದ್ರ 1.585 ಬಿಟ್. ನಿನ್ನ ಕೋಷ್ಟಕದಲ್ಲಿ ಸಂಕೇತ ಹೊರೋದು ಸುಮಾರು 0.918 ಬಿಟ್.

ಸಿಂಧನೂರು_ಪೈಥಾನ್

ಅರ್ಥ ಆಯ್ತು ಮೇಡಂ. ಬಿಡಿಸೋದು ಹೆಂಗ? ಮರೆವು ಹಾಕಿ, ಅಂದ್ರ ಹಳೇ ಗೋಲಿ ಎಣಿಕೆ ಸ್ವಲ್ಪಸ್ವಲ್ಪ ಕರಗಿಸಿ ಅಂತ ಒಂದು ಕಡೆ ಓದಿದ್ದೆ. ಆ ಸುತ್ತಿನಾಗ ಗೋಲಿ ತೆಗೆದ ಡಬ್ಬಿಯನ್ನಷ್ಟೇ 0.999ರಿಂದ ಗುಣಿಸಿ ನೋಡಿದ್ರ ವ್ಯತ್ಯಾಸ ಕಾಣಲಿಲ್ಲ.

ರಾಯಚೂರು_ಅಂಕಿಸಂಖ್ಯೆ

ಗೋಲಿ ತೆಗೆದ ಡಬ್ಬಿಗಷ್ಟೇ ಮರೆವು ಹಾಕಿದ್ರ ಬಳಕೆ ತಪ್ಪಿದ ಸಂಕೇತದ ಡಬ್ಬಿ ಹಳೇ ಅರ್ಥ ಹಿಡ್ಕೊಂಡೇ ಕೂತಿರ್ತದ. ಪ್ರತಿ ಸುತ್ತಿಗೂ ಎಲ್ಲ ಡಬ್ಬಿಯನ್ನೂ 0.999ರಿಂದ ಗುಣಿಸು, ಯಾವ ಗೋಲಿಯೂ 0.1ಕ್ಕಿಂತ ಕೆಳಗೆ ಇಳೀಬಾರದು ಅಂತ ನೆಲಗಟ್ಟು ಹಾಕು. ಆಮೇಲೆ ನಡೆಯೋ ಕ್ರಮ ಹಿಂಗ: 'ಬಂದ್' ಸ್ಥಿತಿಯ ಎರಡು ಸಂಕೇತದಲ್ಲಿ ಯಾವುದೋ ಒಂದು ಏರುಪೇರಿನಲ್ಲೇ ಸಾಯ್ತದ, 2 ಅಂತಿಟ್ಟುಕೋ. ಯಾರೂ 2 ಕಳಿಸದೇ ಇದ್ದಾಗ ರೈತನ 2ನೇ ಡಬ್ಬಿ ಕರಗಿ ಮೂರೂ ಕೆಲಸ 0.1, 0.1, 0.1ಕ್ಕೆ ಬರ್ತಾವ, ಅಂದ್ರ ಆ ಸಂಕೇತಕ್ಕೆ ಅರ್ಥವೇ ಉಳೀಲಿಲ್ಲ. ಆಗ 'ತುಂಬಿ' ಅಥವಾ 'ಅರ್ಧ' ಅಕಸ್ಮಾತ್ 2 ಕಳಿಸಿದ್ರ ಮೂರರಲ್ಲಿ ಒಂದು ಸಲ ಗೆಲ್ತದ. ಗೆದ್ದ ಒಂದೇ ಸಲಕ್ಕ ರೈತನ ಆ ಡಬ್ಬಿ ಪೂರ್ತಿ ಅದರ ಕಡೆ ವಾಲ್ತದ. ಅಲ್ಲಿಂದ ಮುಂದೆ 2 ಕಳಿಸಿದ್ರ ಹೆಚ್ಚುಕಮ್ಮಿ ಖಚಿತ ಗೆಲುವು, 0 ಕಳಿಸಿದ್ರ ಅರ್ಧಂಬರ್ಧ ಗೆಲುವು, ಹಂಗಾಗಿ 2 ಬೆಳೀತದ.

ಗುಣಕ 0.9 ಮಾಡಬ್ಯಾಡ. ನೆನಪು ಹತ್ತು ಸುತ್ತಿಗೆ ಇಳೀತದ, ಕಟ್ಟಿದ ಒಪ್ಪಂದ ಕಟ್ಟಿದಂಗೇ ಒಡೀತದ.

ಇನ್ನೊಂದು ದಾರಿ ಶಿಕ್ಷೆ: ಸೋತಾಗ ಆ ಗೋಲಿ ಒಂದು ತೆಗಿ, ಕಡೇ ಒಂದನ್ನು ಮಾತ್ರ ಬಿಡು. 0ಗೆ ಅರ್ಧ ಗೆಲುವು ಅರ್ಧ ಸೋಲು ಅಂದ್ರ ಗೋಲಿ ಬೆಳೆಯೋದೇ ಇಲ್ಲ, ಸಿಕ್ಕಿಬಿದ್ದ ಜಾಗ ತಾನೇ ಕುಸೀತದ. ಮೂರನೇದು, ಸಂಕೇತ ಹೆಚ್ಚು ಕೊಡೋದು: 3 ಸ್ಥಿತಿಗೆ 5 ಸಂಕೇತ. ಸಿಕ್ಕಿಬೀಳೋ ಓಟ ಕಮ್ಮಿಯಾಗ್ತಾವ, ಒಂದೇ ಅರ್ಥಕ್ಕೆ ಎರಡೆರಡು ಸಂಕೇತ ಉಳೀತಾವ. ನಿನ್ನ ಪ್ರಾಜೆಕ್ಟಿಗೆ ನಾನು ಮರೆವನ್ನೇ ಆರಿಸ್ತಿದ್ದೆ, ಯಾಕಂದ್ರ ಮುಂದೆ ಏಜೆಂಟ್ ಸಂಖ್ಯೆ ಹೆಚ್ಚಿಸಿದಾಗ ಹೊಸಬರು ಬರೋದಕ್ಕೂ ಅದೇ ಬೇಕಾಗ್ತದ.

ಗಂಗಾವತಿ_ಓದುಗ

ಒಂದು ಪ್ರಶ್ನೆ ಐತ್ರಿ. ಮೂರೂ ಸ್ಥಿತಿ ಸಮ ಬರ್ತಾವ ಅಂತ ಇಟ್ಟೀರಿ. ನಿಜವಾದ ನಾಲ್ಯಾಗ ಹಂಗಿರಂಗಿಲ್ಲ. 2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದು ಚೈನ್ ಕಡಿದು ಕೊಚ್ಚಿಕೊಂಡು ಹೋತು. ಅಂಥದ್ದನ್ನ ನಾಲ್ಕನೇ ಸ್ಥಿತಿ ಅಂತ ಸಾವಿರಕ್ಕ ಒಂದರಂಗ ಸೇರಿಸಿದ್ರ ಅದಕ್ಕೂ ಒಂದು ಸಂಕೇತ ಹುಟ್ಟತೈತೇನು?

ರಾಯಚೂರು_ಅಂಕಿಸಂಖ್ಯೆ

ಬಿಟ್ಟರೆ ಹುಟ್ಟಲ್ಲ. ಒಳ್ಳೇ ಪ್ರಶ್ನೆ ಕೇಳಿದ್ರಿ, ಯಾಕಂದ್ರ ಅತಿ ಬೇಕಾದ ಸಂಕೇತವೇ ಅತಿ ಕಷ್ಟದಿಂದ ಹುಟ್ಟೋದು.

ಸಂಕೇತವನ್ನೂ ನಾಲ್ಕು ಮಾಡೀವಿ ಅಂತಿಟ್ಟುಕೊಳ್ರಿ. 1 ಲಕ್ಷ ಸುತ್ತಿನಲ್ಲಿ ಆ ಸ್ಥಿತಿ ಬರೋದು ಹತ್ತಿರ ಹತ್ತಿರ 100 ಸಲ. ಅಷ್ಟರಲ್ಲಿ ಉಳಿದ ಸ್ಥಿತಿಗಳು ಸಂಕೇತಗಳನ್ನೆಲ್ಲ ಹಂಚಿಕೊಂಡು, ಕೇಳುವವನ ಪ್ರತಿ ಡಬ್ಬಿಯಲ್ಲೂ ಸಾವಿರಾರು ಗೋಲಿ ತುಂಬಿರ್ತಾವ. 'ದಂಡೆ ಬಿಟ್ಟು ಓಡು' ಅನ್ನೋ ಗೋಲಿ ಅಲ್ಲಿ ಒಂದೇ ಒಂದು. ಯಾವ ಸಂಕೇತ ಕಳಿಸಿದ್ರೂ ಆ ಗೋಲಿ ಕೈಗೆ ಸಿಗೋ ಸಂಭವ ಸಾವಿರಾರರಲ್ಲಿ ಒಂದು. ಕಳಿಸುವವನ ಡಬ್ಬಿ ಕೊನೆತನಕ 1, 1, 1, 1 ಆಗೇ ಉಳೀತದ. ಒಟ್ಟು ಗೆಲುವು ಮಾತ್ರ 99.9% ತೋರಿಸ್ತದ.

ಮಾಡಬಹುದಾದ್ದು ಎರಡು. ಒಂದು, ಆ ಸ್ಥಿತಿ ಗೆದ್ದಾಗ ಒಂದು ಗೋಲಿ ಬದಲು 50 ಅಥವಾ 100 ಸೇರಿಸೋದು. ಇದು ಮೊದಲ ಗೆಲುವು ಬಂದ ಮೇಲಷ್ಟೇ ಕೆಲಸಕ್ಕೆ ಬರ್ತದ. ಎರಡು, ಮೊದಲ 5,000 ಸುತ್ತು ಎಲ್ಲ ಸ್ಥಿತಿಯನ್ನೂ ಸಮ ಕೊಟ್ಟು ಕಲಿಸಿ, ಆಮೇಲೆ ನಿಜವಾದ ಪ್ರಮಾಣಕ್ಕೆ ಇಳಿಸೋದು. ಆದ್ರ ಮರೆವು ಹಾಕಿದ್ರೆ ಆ ಅಪರೂಪದ ಸಂಕೇತ ಮೊದಲು ಮರೆತುಹೋಗ್ತದ. 0.999 ಗುಣಕಕ್ಕೆ ನೆನಪು ಸುಮಾರು 1,000 ಸುತ್ತು, ಸ್ಥಿತಿ ಬರೋದೂ 1,000 ಸುತ್ತಿಗೊಮ್ಮೆ. ಇಲ್ಲಿ 0.99999ಕ್ಕೆ ಹೋಗಬೇಕು.

ಜೊತೆಗೆ ಗೆಲುವಿನ ಪಕ್ಕ 'ಸುಮ್ಮನೆ ಊಹಿಸಿದ್ರ ಎಷ್ಟು' ಅನ್ನೋ ಗೆರೆ ಎಳೀರಿ. 'ಬಂದ್' ಸ್ಥಿತಿ 90% ದಿನ ಇದ್ರ, ಸಂಕೇತ ಕೇಳದೇ ಸದಾ ಮೋಟಾರ್ ಹಚ್ಚೋ ರೈತನೂ 90% ಗೆಲ್ತಾನ. ಆ ಗೆರೆ ಇಲ್ಲದ ಗ್ರಾಫ್ ಯಾರು ತಂದ್ರೂ ನಾನು ನಂಬಲ್ಲ.

ಕೊಪ್ಪಳ_ಗ್ರಾಫ್

ಇಬ್ಬರ ಆಟ ಆತು, ಊರಿಗೆ ಊರೇ ಒಂದು ಹೆಸರಿಗೆ ಒಪ್ಪೋದು ಬೇರೆ ಆಟ. ಸಿಂಧನೂರಿನ ತಮ್ಮ ಏಜೆಂಟ್ ಸಂಖ್ಯೆ ಹೆಚ್ಚಿಸೋನಿದ್ರ ಹೆಸರಿಡೋ ಆಟದಿಂದ ಶುರು ಮಾಡ್ಲಿ. ಲುಕ್ ಸ್ಟೀಲ್ಸ್ 1995ರಾಗ ತಂದದ್ದು, 2006ರಾಗ ಬಾರೊಂಕೆಲ್ಲಿ ಮತ್ತ ಜೊತಿಗಾರರು ಅದನ್ನ ತೀರಾ ಸರಳ ಮಾಡಿದ್ರು.

ನಿಯಮ ಇಷ್ಟ: ಪ್ರತಿ ಏಜೆಂಟಿಗೆ ಒಂದು ಖಾಲಿ ಪಟ್ಟಿ. ಪ್ರತಿ ಸುತ್ತಿಗೆ ಒಬ್ಬ ಹೇಳಾಂವ, ಒಬ್ಬ ಕೇಳಾಂವ. ಹೇಳಾಂವ ತನ್ನ ಪಟ್ಟಿಯಿಂದ ಒಂದು ಹೆಸರು ಯಾದೃಚ್ಛಿಕವಾಗಿ ಆರಿಸ್ತಾನ. ಪಟ್ಟಿ ಖಾಲಿ ಇದ್ರ ಹೊಸದು ಹುಟ್ಟಿಸ್ತಾನ. ಕೇಳಾಂವಗ ಅದು ಗೊತ್ತಿಲ್ಲಂದ್ರ ಪಟ್ಟಿಗೆ ಸೇರಿಸ್ಕೋತಾನ. ಗೊತ್ತಿದ್ರ ಇಬ್ಬರೂ ಆ ಹೆಸರು ಒಂದನ್ನ ಬಿಟ್ಟು ಉಳಿದದ್ದೆಲ್ಲ ಅಳಿಸಿಬಿಡ್ತಾರ. ಪೈಥಾನ್‌ನಾಗ ಪ್ರತಿ ಏಜೆಂಟಿಗೆ ಒಂದು ಸೆಟ್ ಸಾಕು, ಹೆಸರಿಗೆ ಏರುವ ಪೂರ್ಣಾಂಕ ಸಾಕು. ಅಕ್ಷರಮಾಲೆಯಿಂದ ಹೆಸರು ಕಟ್ಟಾಕ ಹೋಗಬ್ಯಾಡ, ಆಕಸ್ಮಿಕವಾಗಿ ಒಂದೇ ಹೆಸರು ಎರಡು ಕಡೆ ಹುಟ್ಟಿ ಲೆಕ್ಕ ಕೆಡತೈತಿ.

ಎಲ್ಲರೂ ಎಲ್ಲರ ಕೂಡ ಮಾತಾಡೋ ಹಂಗಿದ್ರ ಏಜೆಂಟ್ ಸಂಖ್ಯೆಯ ಅರ್ಧದಷ್ಟು ಬೇರೆಬೇರೆ ಹೆಸರು ಒಮ್ಮೆ ಚಾಲ್ತಿಗೆ ಬರ್ತಾವು: 1,000 ಏಜೆಂಟಿಗೆ 500ರ ಸುತ್ತಮುತ್ತ. ಬಹಳ ಹೊತ್ತು ಏನೂ ಆಗೇ ಇಲ್ಲ ಅನ್ನಿಸತೈತಿ, ಆಮ್ಯಾಲೆ ಒಮ್ಮಿಂದೊಮ್ಮೆಗೆ ಗೆಲುವು ಜಿಗಿದು ಎಲ್ಲರೂ ಒಂದೇ ಹೆಸರಿಗೆ ಬರ್ತಾರ. ಒಪ್ಪಿಗೆಗೆ ಹಿಡಿಯೋ ಸುತ್ತು ಏಜೆಂಟ್ ಸಂಖ್ಯೆಯ 1.5ನೇ ಘಾತದಂಗ ಬೆಳೀತೈತಿ. 'ಅರ್ಧ ಹೊತ್ತಿಗೆ ಏನೂ ಆಗಿಲ್ಲ' ಅಂತ ಓಟ ನಿಲ್ಲಿಸೋ ತಪ್ಪು ಬಹಳ ಮಂದಿ ಮಾಡ್ತಾರ.

ಈಗ ನಿಮ್ಮ ನಾಲೆಗೆ ಬರ್ರಿ. ನಾಲೆ ಗುಂಟ ಹಳ್ಳಿ ಅಂದ್ರ ಒಂದೇ ಸಾಲು. ಎಡಕ್ಕ ಒಬ್ಬ, ಬಲಕ್ಕ ಒಬ್ಬ, ಇಬ್ಬರ ಕೂಡ ಅಷ್ಟೇ ಮಾತು. ಅಲ್ಲಿ ಘಾತ 1.5 ಅಲ್ಲ, 3. ಹೊಲದ ಚೌಕುಳಿಯಂಗ ಎರಡು ದಿಕ್ಕಿಗೆ ಹರಡಿದ್ರ 2. ಗುಣಾಂಕ ಬಿಟ್ಟು ಬರೀ ಘಾತ ಹಿಡದ್ರ 100 ಏಜೆಂಟಿಗೆ ಕ್ರಮವಾಗಿ 1,000, 10 ಲಕ್ಷ, 10,000. 1,000 ಏಜೆಂಟ್ ಸಾಲಾಗಿ ನಿಲ್ಲಿಸಿದ್ರ 100 ಕೋಟಿ, ಪೈಥಾನ್ ಲೂಪಿನಾಗ ಮುಗಿಯಂಗಿಲ್ಲ. ಕಾರಣ ಸಾದಾ: ಅಕ್ಕಪಕ್ಕದವರು ಲಗೂನ ಒಪ್ಪಿ ಗುಂಪು ಕಟ್ತಾರ, ಎರಡು ಗುಂಪಿನ ಗಡಿಯಾಗ ಮಾತ್ರ ಎರಡೂ ಹೆಸರು ಬಲ್ಲ ಒಬ್ಬಿಬ್ಬರು ಉಳೀತಾರ. ಆ ಗಡಿ ಅತ್ತಿತ್ತ ಓಲಾಡಿ ಇನ್ನೊಂದು ಗಡಿ ಮುಟ್ಟಿದಾಗ ಒಂದು ಹೆಸರು ಸಾಯತೈತಿ. ಓಲಾಟಕ್ಕ ದಿಕ್ಕಿಲ್ಲ, ಅದಕ್ಕ ಇಷ್ಟು ಹೊತ್ತು.

ಸಾಲಿನ ಹಳ್ಳಿಗಳ ನಡುವ ಒಂದಷ್ಟು ದೂರದ ಕೊಂಡಿ ಹಾಕ್ರಿ, ಉದಾಹರಣೆಗೆ ಎಲ್ಲರೂ ಗಂಗಾವತಿ ಸಂತಿಗೋ ಸಿಂಧನೂರು ಎಪಿಎಂಸಿಗೋ ಬರೋ ಹಂಗ. ಶೇಕಡಾ ಕೆಲವೇ ಕೊಂಡಿ ಬದಲಿಸಿದ್ರ ಸಾಲಿನ ನಿಧಾನ ಹೋಗಿ, ಎಲ್ಲರೂ ಎಲ್ಲರ ಕೂಡ ಮಾತಾಡೋ ವೇಗದ ಹತ್ರ ಬರತೈತಿ. ಅಲ್ಲಿ ಒಂದು ಬಲೆ ಐತಿ: ಮೊದಲು ಹೇಳಾಂವನ್ನ ಆರಿಸಿ ಆಮ್ಯಾಲೆ ಅವನ ನೆರೆಯವರಾಗ ಕೇಳಾಂವನ್ನ ಆರಿಸಿದ್ರ, ಬಹಳ ಕೊಂಡಿ ಇರೋ ಸಂತಿ ಏಜೆಂಟ್ ಬರೀ ಕೇಳ್ಕೋತ ಕೂಡ್ತಾನ. ಕೇಳಾಂವನ್ನ ಮೊದಲು ಆರಿಸಿದ್ರ ಅವನೇ ಹೆಚ್ಚು ಮಾತಾಡ್ತಾನ. ಎರಡೂ ಆಟದ ಫಲಿತಾಂಶ ಬ್ಯಾರೆ. ವರದಿಯಾಗ ಯಾವ ಕ್ರಮ ಅಂತ ಬರೀಲಿಲ್ಲ ಅಂದ್ರ ಇನ್ನೊಬ್ಬರಿಗೆ ನಿಮ್ಮ ಅಂಕಿ ಮರಳಿ ಸಿಗಂಗಿಲ್ಲ.

ಗಂಗಾವತಿ_ಓದುಗ

ಹಂಗಾದ್ರ ಇದರಾಗ ಕನ್ನಡ-ತೆಲುಗು ಗಡಿ ತೋರಸಬೌದಲ್ಲ ಸರ್? ಬಳ್ಳಾರಿ, ಸಿರುಗುಪ್ಪ ಕಡೆ ಮನಿಯಾಗೊಂದು, ಬಜಾರದಾಗೊಂದು ಮಾತಾಡೋ ಮಂದಿ ಎಷ್ಟಿಲ್ಲ.

ಕೊಪ್ಪಳ_ಗ್ರಾಫ್

ಈ ನಿಯಮ ಇದ್ದಂಗೇ ಇಟ್ಟು ತೋರಿಸಬ್ಯಾಡ್ರಿ. ಗೆದ್ದ ಕೂಡ್ಲೇ ಉಳಿದದ್ದೆಲ್ಲ ಅಳಿಸು ಅನ್ನೋ ನಿಯಮದಾಗ ಎರಡು ಭಾಷೆ ಬಲ್ಲವರು ದಾಟಿಹೋಗೋ ಸ್ಥಿತಿ ಅಷ್ಟೇ, ನೆಲೆ ನಿಲ್ಲಂಗಿಲ್ಲ. ಕೊನಿಗೆ ಒಂದು ಭಾಷೆ ಸಾಯೋದೇ ಅದರ ಉತ್ತರ. ಬಳ್ಳಾರಿ ಬಜಾರದಾಗ ಹಂಗಾಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಒಂದು ಭಾಷೆಯಾಗ ವ್ಯವಹಾರ ಮುಗಿಸಿದವರು ಇನ್ನೊಂದನ್ನ ಮರೆಯಂಗಿಲ್ಲ.

ಅಳಿಸೋದನ್ನ ಸಂಭವಕ್ಕ ಬಿಟ್ರ ದಾರಿ ತೆರೀತೈತಿ. ಗೆದ್ದಾಗ ಬೀಟಾ ಸಂಭವದಷ್ಟು ಮಾತ್ರ ಅಳಿಸು, ಇಲ್ಲಂದ್ರ ಪಟ್ಟಿ ಇದ್ದಂಗೇ ಇರ್ಲಿ. ಎಲ್ಲರೂ ಎಲ್ಲರ ಕೂಡ ಮಾತಾಡೋ ಮಾದರಿಯಾಗ ಬೀಟಾ ಮೂರನೇ ಒಂದಕ್ಕಿಂತ ಹೆಚ್ಚಿದ್ರ ಒಮ್ಮತ, ಕಮ್ಮಿ ಇದ್ರ ಎರಡೋ ಹೆಚ್ಚೋ ಹೆಸರು ಒಟ್ಟಿಗೆ ಬಾಳ್ತಾವು. ಇದು 2007ರಾಗ ಲೆಕ್ಕದಿಂದಲೇ ತೋರಿಸಿದ ಗಡಿ. ಬೀಟಾ 0.30, 0.33, 0.36 ಅಂತ ಓಡಿಸಿ ನೋಡ್ರಿ. ಗಡಿ ಹತ್ರ ಓಟ ಬಹಳ ನಿಧಾನ ಆಗತೈತಿ, ಅದನ್ನ ನೋಡಿ ಒಮ್ಮತ ಇಲ್ಲ ಅಂತ ತೀರ್ಮಾನ ಮಾಡಬ್ಯಾಡ್ರಿ.

ಹಠ ಹಿಡಿದವರ ಪ್ರಯೋಗನೂ ಹಚ್ರಿ. ಪಟ್ಟಿ ಎಂದೂ ಬದಲಿಸದ ಏಜೆಂಟರು ಶೇ. 10ರ ಸನಿಹ ದಾಟಿದ್ರ ಉಳಿದವರನ್ನೆಲ್ಲ ಲಗೂನ ತಮ್ಮ ಕಡೆ ಎಳಕೋತಾರ, ಅದರ ಕೆಳಗಿದ್ರ ಕಾಯೋ ಹೊತ್ತು ಏಜೆಂಟ್ ಸಂಖ್ಯೆ ಬೆಳದಂಗ ಮಿತಿಮೀರತೈತಿ. ಮನುಷ್ಯರನ್ನ ಕೂಡ್ರಿಸಿ 2018ರಾಗ ಮಾಡಿದ ಪ್ರಯೋಗದಾಗ ಆ ಅಂಕಿ ಶೇ. 25ರ ಹತ್ರ ಬಂತು. ಕಂಪ್ಯೂಟರಿನ 10ನ್ನ ಊರಿನ ಮಂದಿಗೆ ಹಚ್ಚಿ ಭಾಷಣ ಮಾಡೋರು ಇದನ್ನ ಗಮನಿಸಬೇಕು.

ಬಳ್ಳಾರಿ_ಟೆನ್ಸರ್

ಎಲ್ಲರಿಗೂ ನಮಸ್ತೆ. ಗೋಲಿ ಕೋಷ್ಟಕದಲ್ಲಿ ಏನು ನಡೆದಿದೆ ಅಂತ ಕಣ್ಣಿಗೆ ಕಾಣುತ್ತೆ. ಗೋಲಿ ಡಬ್ಬಿ ಬದಲು ನ್ಯೂರಲ್ ನೆಟ್‌ವರ್ಕ್ ಬಳಸೋ ನ್ಯೂರಲ್ ಏಜೆಂಟ್‌ಗಳಿಗೆ ಹೋದರೆ ಅದೇ ಕಾಯಿಲೆಗಳು ಮುಚ್ಚಿಕೊಂಡು ಬರುತ್ತವೆ, ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೀತೀನಿ.

ಚಿತ್ರಗಳಿಂದ ಶುರು ಮಾಡಬೇಡಿ. ಲಕ್ಷಣಗಳ ಪಟ್ಟಿಯಿಂದ ಶುರು ಮಾಡಿ. ಕಿನ್ನಾಳದ ಗೊಂಬೆಗಳನ್ನೇ ತಗೊಳ್ಳಿ: ಆಕಾರ, ಬಣ್ಣ, ಅಳತೆ, ಕೈಯಲ್ಲಿರೋ ವಸ್ತು ಅಂತ ನಾಲ್ಕು ಲಕ್ಷಣ, ಒಂದೊಂದಕ್ಕೂ ನಾಲ್ಕು ಬೆಲೆ. ಒಟ್ಟು 256 ಗೊಂಬೆ. ಹೇಳುವ ಏಜೆಂಟಿಗೆ ಗುರಿ ಗೊಂಬೆ ಮಾತ್ರ ಕಾಣುತ್ತೆ. ಕೇಳುವ ಏಜೆಂಟಿಗೆ ಗುರಿಯ ಜೊತೆ ಬೇರೆ ನಾಲ್ಕು ಸೇರಿ ಐದು ಕಾಣುತ್ತವೆ, ಬಂದ ಸಂದೇಶ ಓದಿ ಒಂದನ್ನು ಆರಿಸಬೇಕು. ಬರೀ ಊಹೆಗೆ 20%. ಸಂದೇಶ 4 ಸಂಕೇತ ಉದ್ದ, ಸಂಕೇತ ಕೋಶ 10. ಎರಡೂ ಕಡೆ 128 ಅಗಲದ ಜಿಆರ್‌ಯು (ಸಾಲು ಸಂಕೇತ ಓದಿ ಬರೆಯೋ ನ್ಯೂರಲ್ ನೆಟ್‌ವರ್ಕ್), ತೂಕ ತಿದ್ದೋಕೆ ಆಡಮ್ ಅನ್ನೋ ವಿಧಾನ, ಕಲಿಕೆ ದರ 0.001. ಇಷ್ಟಕ್ಕೆ ಜಿಪಿಯು ಬೇಕಾಗಿಲ್ಲ. ಫೇಸ್‌ಬುಕ್ ಸಂಶೋಧಕರು 2019ರಲ್ಲಿ ಬಿಟ್ಟ ಎಗ್ ಅನ್ನೋ ಪೈಟಾರ್ಚ್ ಸಲಕರಣೆಯಲ್ಲಿ ಈ ಆಟದ ಚೌಕಟ್ಟು ಸಿದ್ಧವಾಗಿದೆ.

ಸಂಕೇತ ಬಿಡಿಬಿಡಿಯಾದದ್ದು, ಅದರ ಮೂಲಕ ಗ್ರೇಡಿಯೆಂಟ್, ಅಂದರೆ ತಪ್ಪನ್ನು ಎತ್ತ ತಿದ್ದಬೇಕು ಅನ್ನೋ ಸೂಚನೆ, ಹಿಂದಕ್ಕೆ ಹರಿಯಲ್ಲ. ಎರಡು ದಾರಿ: ಬಹುಮಾನದಿಂದ ಕಲಿಸೋ ರಿಇನ್‌ಫೋರ್ಸ್, ಇಲ್ಲಾ ಬಿಡಿ ಸಂಕೇತದ ಬದಲು ಎಲ್ಲ ಸಂಕೇತಗಳ ಮೆತ್ತನೆಯ ಮಿಶ್ರಣ ಬಳಸೋ ಗಂಬಲ್-ಸಾಫ್ಟ್‌ಮ್ಯಾಕ್ಸ್. ಎರಡನೇದು ಬೇಗ ಕಲಿಯುತ್ತೆ. ಆ ಮಿಶ್ರಣ ಎಷ್ಟು ಮೆತ್ತಗಿರಬೇಕು ಅನ್ನೋ ಅಂಕಿ ತಾಪ, ಅದನ್ನು 1.0ರಿಂದ ಶುರು ಮಾಡಿ. ಇಲ್ಲಿ ಒಂದು ಎಚ್ಚರ: ತರಬೇತಿಯಲ್ಲಿ ಮೆತ್ತನೆಯ ಸಂದೇಶ ಕಳಿಸಿದರೆ ಏಜೆಂಟ್‌ಗಳು 0.31, 0.44ರಂಥ ದಶಮಾಂಶಗಳಲ್ಲೇ ಮಾಹಿತಿ ತುರುಕಿಕೊಳ್ಳುತ್ತವೆ. ಪರೀಕ್ಷೆಯಲ್ಲಿ ಒಂದೇ ಸಂಕೇತಕ್ಕೆ ಇಳಿಸಿದ ತಕ್ಷಣ ಗೆಲುವು ಬಿದ್ದುಹೋಗುತ್ತೆ. ಮುಂದಕ್ಕೆ ಹೋಗುವಾಗ ಪೂರ್ತಿ ಬಿಡಿ ಸಂಕೇತ, ಹಿಂದಕ್ಕೆ ಬರುವಾಗ ಮಾತ್ರ ಮೆತ್ತನೆ ರೂಪ ಬಳಸಿ. ರಿಇನ್‌ಫೋರ್ಸ್ ಆದರೆ ಚಾಲ್ತಿ ಸರಾಸರಿಯನ್ನು ಬಹುಮಾನದಿಂದ ಕಳೆಯಿರಿ, ಎಂಟ್ರೊಪಿಗೆ (ಸಂಕೇತಗಳ ಆಯ್ಕೆಯ ವೈವಿಧ್ಯಕ್ಕೆ) ಸಣ್ಣ ತೂಕ ಕೊಡಿ. ಇಲ್ಲದಿದ್ದರೆ ಮೊದಲ ನೂರಾರು ಬ್ಯಾಚಿನಲ್ಲೇ (ಬ್ಯಾಚ್ ಅಂದರೆ ಒಮ್ಮೆಗೆ ಕಲಿಸೋ ಉದಾಹರಣೆಗಳ ಗುಂಪು) ಎಲ್ಲ ಗೊಂಬೆಗೂ ಒಂದೇ ಸಂದೇಶ ಅಂಟಿಕೊಳ್ಳುತ್ತೆ.

ಗುರಿ ಗೊಂಬೆಯ ಸ್ಥಾನ ಪ್ರತಿ ಸಲ ಕಲಸಿ. ಪಟ್ಟಿಯಲ್ಲಿ ಯಾವಾಗಲೂ ಮೊದಲನೇದೇ ಗುರಿ ಆಗಿದ್ದರೆ ಕೇಳುವವನು ಸಂದೇಶ ಓದದೆ 100% ಗೆಲ್ಲುತ್ತಾನೆ. ಇದು ಸಣ್ಣ ವಿಷಯ ಅನ್ನಿಸುತ್ತೆ, ಆದರೆ ತುಂಬಾ ಕೋಡ್‌ಗಳಲ್ಲಿ ಸಿಗುವ ಬಗ್ ಇದು.

ಗೆಲುವು 98% ಬಂದ ಮೇಲೆ ನಿಜವಾದ ಕೆಲಸ ಶುರು. ಮೊದಲ ಪರೀಕ್ಷೆ: ಬ್ಯಾಚಿನೊಳಗೆ ಸಂದೇಶಗಳನ್ನು ಅದಲುಬದಲು ಮಾಡಿ, ಕೇಳುವವನಿಗೆ ಬೇರೆ ಗೊಂಬೆಯ ಸಂದೇಶ ಕೊಡಿ. ಗೆಲುವು 20% ಹತ್ತಿರ ಬರಬೇಕು. ಬರದಿದ್ದರೆ ಅವನು ಸಂದೇಶ ಕೇಳುತ್ತಲೇ ಇಲ್ಲ. ಹೇಳುವವನ ಸಂದೇಶದಲ್ಲಿ ಮಾಹಿತಿ ಇದೆ ಅನ್ನೋದೂ, ಕೇಳುವವನು ಅದನ್ನು ಬಳಸುತ್ತಾನೆ ಅನ್ನೋದೂ ಬೇರೆ ಬೇರೆ. 2019ರಲ್ಲಿ ರಯಾನ್ ಲೋ ಮತ್ತು ಸಂಗಡಿಗರು ಇದನ್ನೇ ಎತ್ತಿ ತೋರಿಸಿದರು: ಮೊದಲನೇದು ಇದ್ದು ಎರಡನೇದು ಇಲ್ಲದಿರಬಹುದು.

ಎರಡನೇ ಪರೀಕ್ಷೆ ಚಿತ್ರ ಬಳಸುವವರಿಗೆ. ನೈಜ ಚಿತ್ರಗಳ ಮೇಲೆ ತರಬೇತಾದ ಏಜೆಂಟ್‌ಗಳಿಗೆ ಬರೀ ಗದ್ದಲದ ಚುಕ್ಕಿ ಚಿತ್ರ ಕೊಟ್ಟು ನೋಡಿ. 2018ರಲ್ಲಿ ಬುಶಾಕೂರ್ ಮತ್ತು ಬರೋನಿ ಹಾಗೆ ಮಾಡಿದಾಗ ಏಜೆಂಟ್‌ಗಳು ಅದರಲ್ಲೂ ಚೆನ್ನಾಗಿಯೇ ಗೆದ್ದವು. ಅಂದರೆ 'ನಾಯಿ', 'ಕುರ್ಚಿ' ಅಂತ ನಾವು ಅಂದುಕೊಂಡ ಸಂಕೇತಗಳು ನಿಜಕ್ಕೂ ಚುಕ್ಕಿಗಳ ಹೊಳಪಿನಂಥ ಕೆಳಮಟ್ಟದ ವಿಷಯದ ಮೇಲೆ ನಿಂತಿದ್ದವು.

ಸಿಂಧನೂರು_ಪೈಥಾನ್

ಅಕ್ಕಾ, ಆಕಾರಕ್ಕೊಂದು, ಬಣ್ಣಕ್ಕೊಂದು ಅಂತ ಸಂಕೇತ ಬಿಡಿಸಿ ಹೇಳೋ ಭಾಷೆ ತಾನೇ ಹುಟ್ತದೇನು? ಟಾಪ್‌ಸಿಮ್ ಅಂತ ಅಳತೆ ಅದಲ್ಲ, ಅದು ಎಷ್ಟಿದ್ರ ಛಲೋ?

ಬಳ್ಳಾರಿ_ಟೆನ್ಸರ್

ತಾನಾಗಿ ಹುಟ್ಟೋದು ಅಪರೂಪ. 256 ಗೊಂಬೆಗೆ 256 ಸಂಬಂಧವಿಲ್ಲದ ಸಂದೇಶ ಕೊಟ್ಟರೂ ಆಟ ಗೆಲ್ಲುತ್ತೆ, ಹಾಗಿದ್ದ ಮೇಲೆ ಒತ್ತಡ ಎಲ್ಲಿಂದ ಬರಬೇಕು? ಟಾಪ್‌ಸಿಮ್ ಅಂದರೆ ಹತ್ತಿರದ ಅರ್ಥಗಳಿಗೆ ಹತ್ತಿರದ ಸಂದೇಶ ಇದೆಯಾ ಅನ್ನೋ ಅಳತೆ. 256 ಗೊಂಬೆಗೆ 32,640 ಜೋಡಿ. ಪ್ರತಿ ಜೋಡಿಗೂ ಎಷ್ಟು ಲಕ್ಷಣ ಬೇರೆ ಅಂತ ಎಣಿಸಿ, ಸಂದೇಶಗಳ ನಡುವಿನ ಎಡಿಟ್ ದೂರ (ಒಂದನ್ನು ಇನ್ನೊಂದು ಮಾಡೋಕೆ ಬೇಕಾದ ಬದಲಾವಣೆಗಳು) ಎಣಿಸಿ, ಎರಡು ಪಟ್ಟಿಯ ಏರಿಳಿತದ ಕ್ರಮ ಎಷ್ಟು ಹೊಂದುತ್ತೆ ಅನ್ನೋ ಸ್ಪಿಯರ್‌ಮನ್ ಸಹಸಂಬಂಧ ತೆಗೀರಿ. ಇಂತಿಷ್ಟಿದ್ದರೆ ಒಳ್ಳೇದು ಅನ್ನೋ ಗೆರೆ ಇಲ್ಲ. ಸಂದೇಶಗಳನ್ನು ಗೊಂಬೆಗಳಿಗೆ ಮನಬಂದಂತೆ ಮರುಹಂಚಿ 1,000 ಸಲ ಅದೇ ಲೆಕ್ಕ ಮಾಡಿ, ನಿಮ್ಮ ಅಂಕಿ ಆ ರಾಶಿಯಿಂದ ಎಷ್ಟು ದೂರ ಇದೆ ನೋಡಿ. ತರಬೇತಿಗೆ ಮುಂಚಿನ ಏಜೆಂಟ್ ಮೇಲೂ ಅಳೆಯಿರಿ. ಏನೂ ಕಲಿಯದ ಜಿಆರ್‌ಯು ಕೂಡ ಹತ್ತಿರದ ಗೊಂಬೆಗೆ ಹತ್ತಿರದ ಸಂದೇಶ ಕೊಡುತ್ತೆ, ಆ ಅಂಕಿ ಸೊನ್ನೆ ಇರಲ್ಲ.

ರಚನೆ ಬೇಕಂದರೆ ಪೀಳಿಗೆ ದಾಟಿಸಿ. ಸೈಮನ್ ಕರ್ಬಿ ಮತ್ತು ಜೊತೆಯವರು 2008ರಲ್ಲಿ ಮನುಷ್ಯರ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಬುನಾದಿ. ಮೂರು ಆಕಾರ, ಮೂರು ಬಣ್ಣ, ಮೂರು ಚಲನೆ, ಒಟ್ಟು 27 ಅರ್ಥ. ಒಬ್ಬರಿಗೆ ಸುಮಾರು ಅರ್ಧ ಕಲಿಸಿ ಎಲ್ಲ 27ಕ್ಕೂ ಹೆಸರು ಕೇಳೋದು, ಅವರ ಉತ್ತರವನ್ನೇ ಮುಂದಿನವರಿಗೆ ಪಾಠ ಮಾಡೋದು, ಹೀಗೆ ಹತ್ತು ಪೀಳಿಗೆ. ಮೊದಲ ಪ್ರಯೋಗದಲ್ಲಿ ಭಾಷೆ ಕಲಿಯೋಕೆ ಸುಲಭವಾಯಿತು, ಆದರೆ ಹಲವಾರು ಅರ್ಥ ಒಂದೇ ಪದಕ್ಕೆ ಕುಸಿದವು. ಎರಡನೆಯದರಲ್ಲಿ ಪಾಠ ಮಾಡುವ ಮೊದಲು ಎರಡು ಅರ್ಥಕ್ಕೆ ಒಂದೇ ಪದ ಬಂದಿದ್ದನ್ನು ತೆಗೆದುಹಾಕಿದರು. ಆಗ ಬಣ್ಣಕ್ಕೊಂದು, ಚಲನೆಗೊಂದು ತುಂಡು ಇರೋ ಪದಗಳು ಮೂಡಿದವು. ಕಲಿಯೋಕೆ ಸುಲಭ ಅನ್ನೋ ಒತ್ತಡ ಒಂದೇ ಇದ್ದರೆ ಮೇಡಂ ತೋರಿಸಿದ ಆ 0 ಸಂಕೇತದ ಗತಿಯೇ ಬರುತ್ತೆ. ಬೇರೆ ಮಾಡಿ ಹೇಳಲೇಬೇಕು ಅನ್ನೋ ಒತ್ತಡವೂ ಜೊತೆಗೆ ಇರಬೇಕು.

ನ್ಯೂರಲ್ ಏಜೆಂಟ್‌ಗೆ ಸುಲಭ ದಾರಿ: ಹೇಳುವವನನ್ನು ಉಳಿಸಿಕೊಂಡು, ಪ್ರತಿ ಕೆಲವು ಸಾವಿರ ಬ್ಯಾಚಿಗೊಮ್ಮೆ ಕೇಳುವವನ ತೂಕಗಳನ್ನು (ಅವನ ನೆಟ್‌ವರ್ಕ್ ಕಲಿತ ಅಂಕಿಗಳನ್ನು) ಅಳಿಸಿ ಹೊಸದಾಗಿ ಶುರು ಮಾಡಿ. ಹೊಸಬನಿಗೆ ಬೇಗ ಕಲಿಸಬಲ್ಲ ಭಾಷೆ ಉಳಿಯುತ್ತೆ. ಅಳಿಸಿದಾಗ ಆಡಮ್‌ನ ಒಳ ನೆನಪನ್ನೂ ಅಳಿಸಬೇಕು, ಇಲ್ಲದಿದ್ದರೆ ಹಳೇ ಅಂದಾಜುಗಳು ಹೊಸ ಏಜೆಂಟನ್ನು ಎಳೆದಾಡುತ್ತವೆ. ಒಮ್ಮೆ ಅಳಿಸಿದ ಮೇಲೆ ಗೆಲುವು ಮತ್ತೆ 90% ಮುಟ್ಟೋ ಮೊದಲೇ ಇನ್ನೊಮ್ಮೆ ಅಳಿಸಿದರೆ ಹೇಳುವವನ ಭಾಷೆಯೇ ಕೆಡುತ್ತೆ.

ಪರೀಕ್ಷೆಗೆ 51 ಗೊಂಬೆ ತೆಗೆದಿಟ್ಟು 205ರ ಮೇಲೆ ಕಲಿಸಿ. ತೆಗೆದಿಡುವಾಗ ಪ್ರತಿ ಬೆಲೆಯೂ ತರಬೇತಿಯಲ್ಲಿ ಬಂದಿರಲಿ, ಜೋಡಣೆ ಮಾತ್ರ ಹೊಸದಿರಲಿ. ಟಾಪ್‌ಸಿಮ್ ಜಾಸ್ತಿ ಇದ್ದರೇ ಹೊಸ ಜೋಡಣೆ ಗೆಲ್ಲುತ್ತೆ ಅಂತಲೂ ಬರೀಬೇಡಿ. 2020ರ ಶಾಬೂನಿ ಮತ್ತು ಸಂಗಡಿಗರ ಕೆಲಸದಲ್ಲಿ ಅವೆರಡರ ನಡುವೆ ಸಂಬಂಧ ಸಿಗಲಿಲ್ಲ. ಬಿಡಿಸಿ ಹೇಳುವ ಭಾಷೆಯನ್ನು ಹೊಸ ಏಜೆಂಟ್ ಬೇಗ ಕಲಿಯುತ್ತೆ ಅನ್ನೋದು ಮಾತ್ರ ಸಿಕ್ಕಿತು.

ಉದ್ದ ಬದಲಾಗೋ ಸಂದೇಶ ಬಳಸೋದಾದರೆ ಇನ್ನೊಂದು ಮಾತು. ಮನುಷ್ಯರ ಭಾಷೆಯಲ್ಲಿ ಹೆಚ್ಚು ಬಳಸೋ ಪದ ಚಿಕ್ಕದು. ಏಜೆಂಟ್‌ಗಳು ಉಲ್ಟಾ ಮಾಡುತ್ತವೆ, ಹೆಚ್ಚು ಬರೋದಕ್ಕೆ ಉದ್ದ ಸಂದೇಶ ಕೊಡುತ್ತವೆ. ಹೇಳುವವನಿಗೆ ಉದ್ದಕ್ಕೆ ಖರ್ಚಿಲ್ಲ, ಕೇಳುವವನಿಗೆ ಉದ್ದ ಸಂದೇಶ ಗುರುತಿಸೋಕೆ ಸುಲಭ. ಉದ್ದಕ್ಕೆ ದಂಡ ಹಾಕಿದರೆ ಸರಿಹೋಗುತ್ತೆ, ಆದರೆ ಗೆಲುವು ಏರಿದ ಮೇಲೆ ಹಾಕಿ. ಮೊದಲಿಂದಲೇ ಹಾಕಿದರೆ ಹೇಳುವವನು ಮಾತಾಡೋದನ್ನೇ ಬಿಡುತ್ತಾನೆ.

ಗಂಗಾವತಿ_ಓದುಗ

2017ರಾಗ ಫೇಸ್‌ಬುಕ್ ಯಂತ್ರಗಳು ತಮ್ಮದೇ ಗುಪ್ತ ಭಾಷೆ ಮಾಡ್ಕೊಂಡ್ವು, ಹೆದರಿ ಬಂದ್ ಮಾಡಿದ್ರು ಅಂತ ಸುದ್ದಿ ಬಂದಿತ್ತಲ್ರೀ?

ಬಳ್ಳಾರಿ_ಟೆನ್ಸರ್

ಅದು ಚೌಕಾಸಿ ಕಲಿಸುವ ಪ್ರಯೋಗ. ಒಪ್ಪಂದಕ್ಕೆ ಅಂಕ ಕೊಟ್ಟಿದ್ದರು, ಸರಿಯಾದ ಇಂಗ್ಲಿಷ್‌ನಲ್ಲೇ ಇರಿ ಅನ್ನೋದಕ್ಕೆ ಅಂಕ ಇರಲಿಲ್ಲ. ಹಾಗಾಗಿ ಪದಗಳು ಮತ್ತೆ ಮತ್ತೆ ಬಂದು ವಾಕ್ಯ ಕೆಟ್ಟವು. ಅವರಿಗೆ ಬೇಕಿದ್ದದ್ದು ಮನುಷ್ಯರ ಜೊತೆ ಮಾತಾಡೋ ಏಜೆಂಟ್, ತರಬೇತಿ ಬದಲಿಸಿದರು. ಭಯದ ಮಾತು ಸುದ್ದಿ ಮಾಡಿದವರದ್ದು.

ಕೊಪ್ಪಳ_ಗ್ರಾಫ್

ದೊಡ್ಡ ಭಾಷಾ ಮಾದರಿಗಳನ್ನೇ ಏಜೆಂಟ್ ಮಾಡಿ ಹೆಸರಿಡೋ ಆಟ ಆಡಿಸಿದ ಕೆಲಸ 2025ರಾಗ ಸೈನ್ಸ್ ಅಡ್ವಾನ್ಸಸ್‌ನಾಗ ಬಂದೈತಿ. ಒಬ್ಬೊಬ್ಬರನ್ನ ಬಿಡಿಯಾಗಿ ನೋಡಿದ್ರ ಒಲವು ಕಾಣಲಾರದಾಗೂ ಗುಂಪು ಸೇರಿದಾಗ ಒಂದೇ ಹೆಸರಿನ ಕಡೆ ವಾಲಿದ್ದು ಅದರಾಗ ಮುಖ್ಯ. ಸಿಂಧನೂರಿನ ತಮ್ಮ ಅದಕ್ಕ ಕೈ ಹಾಕೋನೇನು?

ಸಿಂಧನೂರು_ಪೈಥಾನ್

ಹೂಂ ಸರ್, 24 ಏಜೆಂಟ್ ಅಂತ ವಿಚಾರ ಅದ. ಹೆಸರುಗಳನ್ನ ಕನ್ನಡದಾಗೇ ಕೊಡಬೇಕಂತ ಮಾಡೀವಿ: ಕ, ಚ, ಟ, ತ, ಪ ಅಂತ.

ಬಳ್ಳಾರಿ_ಟೆನ್ಸರ್

ಕೊಡಿ, ಆದರೆ ಈ ಏಜೆಂಟ್‌ಗಳ ತಲೆ ಖಾಲಿ ಇರಲ್ಲ, 'ಕ' ಮೊದಲ ವ್ಯಂಜನ ಅನ್ನೋದು ಅವಕ್ಕೆ ಗೊತ್ತು. ಮೊದಲು ಚರಿತ್ರೆ ಏನೂ ಕೊಡದೆ ಒಂದೊಂದು ಏಜೆಂಟಿಗೆ 200 ಸಲ ಕೇಳಿ, ಯಾವ ಅಕ್ಷರ ಎಷ್ಟು ಸಲ ಬಂತು ಬರೆದಿಡಿ. ಕೇಳುವಾಗ ಅಕ್ಷರಗಳ ಕ್ರಮ ಪ್ರತಿ ಸಲ ಕಲಸಿ. ಒಂದು ಅಕ್ಷರ ಎಲ್ಲ ಕಡೆ ಮುಂದಿದ್ದರೆ ಒಮ್ಮತ ಬಂದದ್ದಕ್ಕೆ ಮಾತುಕತೆ ಕಾರಣ ಅಂತ ಹೇಳೋಕಾಗಲ್ಲ. ಟೋಕನ್ (ಮಾದರಿ ಪಠ್ಯವನ್ನು ಓದೋ ತುಂಡು) ಎಣಿಕೆಯನ್ನೂ ನೋಡಿ. ಹಲವು ಮಾದರಿಗಳಲ್ಲಿ ಒಂದು ಕನ್ನಡ ಅಕ್ಷರ ಎರಡು ಮೂರು ಟೋಕನ್ ಆಗಿ ಒಡೆಯುತ್ತೆ, ಅಕ್ಷರದಿಂದ ಅಕ್ಷರಕ್ಕೆ ಆ ಸಂಖ್ಯೆ ಬೇರೆ. ಸಮ ಟೋಕನ್ ಇರೋ ಅಕ್ಷರಗಳನ್ನೇ ಆರಿಸಿ. ಪ್ರತಿ ಏಜೆಂಟಿಗೆ ತನ್ನದೇ ಕಳೆದ 5 ಸುತ್ತಿನ ನೆನಪು ಮಾತ್ರ ಕೊಡಿ, ಗುಂಪಿನಲ್ಲಿ ಎಷ್ಟು ಜನ ಅಂತಲೂ ಹೇಳಬೇಡಿ. ಮಾದರಿಯ ಆವೃತ್ತಿ, ತಾಪ, ಪೂರ್ತಿ ಪ್ರಾಂಪ್ಟ್ (ಮಾದರಿಗೆ ಕೊಡೋ ಸೂಚನೆ) ವರದಿಯ ಅನುಬಂಧದಲ್ಲಿ ಹಾಕಿ. ಪ್ರಾಂಪ್ಟಿನಲ್ಲಿ 'ಒಪ್ಪಂದಕ್ಕೆ ಬನ್ನಿ' ಅನ್ನೋ ಮಾತು ಎಲ್ಲೂ ಬರಬಾರದು, ಅಂಕ ಹೇಗೆ ಸಿಗುತ್ತೆ ಅನ್ನೋದು ಮಾತ್ರ ಇರಲಿ.

ಸಿಂಧನೂರು_ಪೈಥಾನ್

ಆಯ್ತಕ್ಕ. ಮೊದಲು ಮೇಡಂ ಹೇಳಿದ ಮರೆವು ಹಾಕಿ ಮೂರು ಸ್ಥಿತಿ ಆಟದ 100 ಸೀಡ್ ಓಡಿಸಿ, ಹಂಚಿಕೆ ಚಿತ್ರ ಮತ್ತ ಕೋಷ್ಟಕ ಎರಡೂ ಇಲ್ಲೇ ಹಾಕ್ತೀನಿ. ಆ 200 ಪ್ರಶ್ನೆಯ ಎಣಿಕೆ ಅದರ ನಂತರ.